ಶಿವಗಂಗೆಯ ಒಂದು ಸಾವು: ಶಾಸನದ ಶಾಂತಲೆಯೂ ಕಾದಂಬರಿಯ ಶಾಂತಲೆಯೂ

ಐತಿಹಾಸಿಕ ಪ್ರಣಯ ಕಾದಂಬರಿಯನ್ನು ಇತಿಹಾಸದ ಅಧ್ಯಾಪಕರು ಹಗುರವಾಗಿಯೂ ಸಾಹಿತ್ಯದ ಅಧ್ಯಾಪಕರು ಅನುಮಾನದಿಂದಲೂ ಕಾಣುವುದುಂಟು. ಆದರೆ ಹೊಯ್ಸಳ ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲೆಯ ಬಗೆಗೆ ಕನ್ನಡಿಗರಲ್ಲಿ ಇಂದು ಬೇರೂರಿರುವ ಕಲ್ಪನೆ ಶಾಸನ ಸಂಪುಟಗಳಿಂದ ಬಂದದ್ದಲ್ಲ. ಅದು ಐತಿಹ್ಯದಿಂದ ಕಾದಂಬರಿಗೆ, ಕಾದಂಬರಿಯಿಂದ ಮತ್ತೆ ಜನರ ಬಾಯಿಗೆ ಹರಿದು ಬಂದದ್ದು. ಆದ್ದರಿಂದ ಕಾದಂಬರಿಕಾರನ ಸಂಶೋಧನೆ ಎಂಥದು, ಅದು ಎಲ್ಲಿಯವರೆಗೆ ಅವನ ಕೈಹಿಡಿಯುತ್ತದೆ ಎಂಬುದನ್ನು ಶಾಂತಲೆಯ ಮರಣವೆಂಬ ಒಂದೇ ಸಂಗತಿಯ ಮೂಲಕ ಪರಿಶೀಲಿಸುವುದು ಉಚಿತ.

ಐತಿಹ್ಯ ಎಲ್ಲರಿಗೂ ತಿಳಿದದ್ದೇ. ಮಕ್ಕಳಿಲ್ಲದ ರಾಣಿ, ಹೊಯ್ಸಳ ವಂಶಕ್ಕೆ ಉತ್ತರಾಧಿಕಾರಿ ದೊರೆಯಲೆಂದು, ಸವತಿ ಲಕ್ಷ್ಮೀದೇವಿಗೆ ದಾರಿ ಬಿಟ್ಟುಕೊಟ್ಟು ಶಿವಗಂಗೆಯ ಬೆಟ್ಟದಿಂದ ಹಾರಿದಳು ಎಂಬುದು ಅದರ ಸಾರ. ಬೆಂಗಳೂರಿನಲ್ಲಿ ಅಂಗಸಾಧನೆಯ ಗುರುವೆಂದು ಹೆಸರಾಗಿದ್ದ ಕೆ.ವಿ. ಅಯ್ಯರ್ ಅವರ ‘ಶಾಂತಲಾ’ 1950ರ ದಶಕದಲ್ಲಿ ಈ ಆತ್ಮತ್ಯಾಗದ ಕಥೆಗೆ ಹೊಸ ತಲೆಮಾರಿನ ಓದುಗರನ್ನು ಒದಗಿಸಿತು. ಇಂದಿಗೂ ಬೆಟ್ಟವೇರಿದವರಿಗೆ ಅಲ್ಲಿಯವರು ಆ ಕಡಿದಾದ ಬಂಡೆಯನ್ನು ತೋರಿಸುತ್ತಾರೆ.

ಶಾಸನ ಹೇಳುವುದೇನು? ಶ್ರವಣಬೆಳಗೊಳದ ಶಾಸನವೊಂದು ಶಕ 1053ರ ವಿರೋಧಿಕೃತ್ ಸಂವತ್ಸರದ ಚೈತ್ರ ಶುದ್ಧ ಪಂಚಮಿ, ಅಂದರೆ ಕ್ರಿ.ಶ. 1131ರಲ್ಲಿ, ರಾಣಿ ಶಿವಗಂಗೆಯ ತೀರ್ಥದಲ್ಲಿ ಮುಡಿಪಿದಳೆಂದು ತಿಳಿಸುತ್ತದೆ. (ಹೊರನಾಡಿನ ಸಂಶೋಧಕರಿಗೆ ಒಂದು ಸೂಚನೆ: ಇದೇ ಶಾಸನ ರೈಸರ 1889ರ ಆವೃತ್ತಿಯಲ್ಲಿ 53ನೆಯದು, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕರಣದಲ್ಲಿ 143ನೆಯದು. ಮೈಸೂರಿನ 1973ರ ಆವೃತ್ತಿಯೂ ಸೇರಿ ಮೂರು ಆವೃತ್ತಿಗಳಿರುವುದರಿಂದ ಆವೃತ್ತಿಯನ್ನು ಹೇಳದೆ ಬರಿಯ ಸಂಖ್ಯೆ ಕೊಡುವ ಅಡಿಟಿಪ್ಪಣಿ ನಮ್ಮನ್ನು ಬೇರೊಂದು ಕಲ್ಲಿನ ಮುಂದೆ ನಿಲ್ಲಿಸಬಹುದು.) ಮಗಳ ಸಾವಿಗೆ ಒಂದು ಕ್ರಿಯಾಪದ, ಅಷ್ಟೆ. ಆದರೆ ಅದೇ ಶಾಸನ ತಾಯಿ ಮಾಚಿಕಬ್ಬೆಯ ವಿಷಯದಲ್ಲಿ ಇಷ್ಟು ಮಿತಭಾಷಿಯಲ್ಲ. ಮಗಳು ಹೋದ ಮೇಲೆ ತಾನಿರಲಾರೆನೆಂದು ಆಕೆ ಬೆಳಗೊಳಕ್ಕೆ ಬಂದದ್ದು, ಪ್ರಭಾಚಂದ್ರ, ವರ್ಧಮಾನ, ರವಿಚಂದ್ರ ಮುನಿಗಳ ಸನ್ನಿಧಿಯಲ್ಲಿ ಒಂದು ತಿಂಗಳು ಉಪವಾಸವಿದ್ದು ಸನ್ಯಸನದಿಂದ ದೇಹ ಬಿಟ್ಟದ್ದು, ಎಲ್ಲವೂ ಅಲ್ಲಿ ಸವಿವರವಾಗಿವೆ. ತಾಯಿಯ ವ್ರತಮರಣವನ್ನು ಹೀಗೆ ಬಣ್ಣಿಸಿದ ಲೇಖಕ ಬೋಕಿಮಯ್ಯ, ಮಗಳದೂ ಅಂಥದೇ ಆಗಿದ್ದರೆ ಸುಮ್ಮನಿರುತ್ತಿದ್ದನೇ? ಅಂಥದಾಗಿರಲಿಲ್ಲವೆಂದು ಊಹಿಸಬಹುದು. ಮೌನವನ್ನು ಇದಕ್ಕಿಂತ ಹೆಚ್ಚು ದುಡಿಸಿಕೊಳ್ಳುವುದು ತರವಲ್ಲ. ‘ಮುಡಿಪು’ ಎಂಬ ಮಾತಿನಿಂದ ಬೆಟ್ಟದ ಅಂಚಿಗೆ ಹೋಗಲು ದಾರಿಯಂತೂ ಇಲ್ಲ.

ಇನ್ನು ಉತ್ತರಾಧಿಕಾರಿಯ ಪ್ರಶ್ನೆ. ಹಳೇಬೀಡಿನ ಪಾರ್ಶ್ವನಾಥ ಬಸದಿಯ 1133ರ ಶಾಸನ ಒಂದು ಸೊಗಸಾದ ಪ್ರಸಂಗವನ್ನು ಉಳಿಸಿಕೊಟ್ಟಿದೆ. ಗಂಗರಾಜನ ಮಗ ಬೊಪ್ಪ ಕಟ್ಟಿಸಿದ ಬಸದಿಯ ಪ್ರತಿಷ್ಠೆಯ ಪ್ರಸಾದವನ್ನು ಬಂಕಾಪುರದಲ್ಲಿದ್ದ ಅರಸನ ಬಳಿಗೆ ತಂದರು; ಮಸಣನ ಮೇಲಿನ ಗೆಲುವೂ ಪುತ್ರಜನನವೂ ಆಗಿದ್ದ ಸಂತಸದ ಹೊತ್ತು ಅದು; ದೊರೆ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟ. ಎಂದರೆ ನರಸಿಂಹ ಹುಟ್ಟಿದ್ದು ಶಾಂತಲೆ ಸತ್ತ ಎರಡು ವರ್ಷಗಳ ಮೇಲೆ. ಐತಿಹ್ಯದ ಪಕ್ಷದವರು ಇದನ್ನು ತಮ್ಮ ಸಾಕ್ಷಿಯೆಂದೇ ಎತ್ತಿಕೊಳ್ಳಬಹುದು: ಆಕೆ ಹೋದಳು, ಮಗು ಬಂತು. ಆದರೆ ಮೂಡಿಗೆರೆ ಸೀಮೆಯ ಹಂತೂರಿನ 1130ರ ಶಾಸನದಲ್ಲಿ ವಿಷ್ಣುವರ್ಧನನ ಮಗಳು ಹರಿಯಬ್ಬರಸಿ ಕಾಣಿಸಿಕೊಳ್ಳುತ್ತಾಳೆ, ಕುಮಾರ ಬಲ್ಲಾಳದೇವನ ಅಕ್ಕನಾಗಿ. ಶಾಂತಲೆ ಬದುಕಿದ್ದಾಗಲೇ ಅರಸನಿಗೆ ಮಗನಿದ್ದ ಮೇಲೆ, ವಂಶಕ್ಕಾಗಿ ಪ್ರಾಣತ್ಯಾಗವೆಂಬ ಕಥೆಯ ತಳಪಾಯವೇ ಸಡಿಲವಾಗುತ್ತದೆ. ಇವರ ತಾಯಿ ಯಾರೆಂಬುದು ವಿದ್ವಾಂಸರ ನಡುವಣ ಚರ್ಚೆ. ಕಾದಂಬರಿಕಾರನಿಗೆ ಉಳಿದಿರುವ ಅವಕಾಶ ಅಲ್ಲಿಯೇ.

ಸಿ.ಕೆ. ನಾಗರಾಜರಾಯರು ಆ ಅವಕಾಶವನ್ನು ಬಳಸಿಕೊಂಡರು. 1983ರಲ್ಲಿ ಮೊದಲ ಮೂರ್ತಿದೇವಿ ಪ್ರಶಸ್ತಿ ಪಡೆದ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ಯಲ್ಲಿ ಆತ್ಮಹತ್ಯೆಯ ಕಥೆಗೆ ಸ್ಥಾನವಿಲ್ಲ, ರಾಣಿ ಮಕ್ಕಳ ತಾಯಿ. ಮರಣಶಾಸನವನ್ನು ರಚಿಸಿದ ಬೋಕಿಮಯ್ಯನನ್ನೇ ಅವರು ಬಾಲೆ ಶಾಂತಲೆಯ ಗುರುವಾಗಿಸಿದ್ದಾರೆ. ಇದು ದಾಖಲೆಯಲ್ಲಿಲ್ಲ, ದಾಖಲೆಗೆ ವಿರುದ್ಧವೂ ಅಲ್ಲ. ಕಲ್ಲಿನ ಕೊನೆಯಲ್ಲಿ ಬರುವ ಒಂದು ಹೆಸರಿಗೆ ಜೀವ ತುಂಬಿದ ಈ ಬಗೆಯ ಕಲ್ಪನೆಯನ್ನು ನಾನು ಸಂಶೋಧನೆಯ ಫಲವೆಂದೇ ಎಣಿಸುತ್ತೇನೆ. ಆ ಕೃತಿಯ ವಿಸ್ತಾರ ಓದುಗನ ತಾಳ್ಮೆಯನ್ನು ಪರೀಕ್ಷಿಸುತ್ತದೆಂಬುದು ಬೇರೆ ಮಾತು.

ಸ್ವಭಾವಚಿತ್ರಣದಲ್ಲಿ ತೊಡಕು ಇನ್ನೂ ಸೂಕ್ಷ್ಮ. ಪ್ರಶಸ್ತಿಭಾಗ ರಾಣಿಯನ್ನು ಅಭಿನವ ರುಕ್ಮಿಣಿಯೆನ್ನುತ್ತದೆ, ವಿವೇಕದಲ್ಲಿ ಬೃಹಸ್ಪತಿಯೆನ್ನುತ್ತದೆ. ಗೀತ, ವಾದ್ಯ, ನೃತ್ಯಗಳಲ್ಲಿ ಸೂತ್ರಧಾರೆಯೆನ್ನುತ್ತದೆ. ಜತೆಗೆ ‘ಉದ್ವೃತ್ತ ಸವತಿ ಗಂಧವಾರಣೆ’, ಸೊಕ್ಕಿದ ಸವತಿಯರ ಪಾಲಿಗೆ ಮದದಾನೆ. 1123ರಲ್ಲಿ ಬೆಳಗೊಳದಲ್ಲಿ ತಾನು ಕಟ್ಟಿಸಿದ ಶಾಂತಿನಾಥ ಬಸದಿಗೆ ಆಕೆ ಇಟ್ಟ ಹೆಸರೂ ಈ ಬಿರುದಿನದೇ. ಸವತಿಯರನ್ನು ಗೆಲ್ಲುವ ಅರ್ಥದ ಬಿರುದುಗಳು ಆ ಕಾಲದ ಬೇರೆ ರಾಣಿಯರಿಗೂ ಇದ್ದವು, ಒಪ್ಪೋಣ. ಆದರೂ ಬಸದಿಗೆ ಆ ಹೆಸರನ್ನು ಆಯ್ದುಕೊಂಡವಳನ್ನು ಸವತಿಗಾಗಿ ಸದ್ದಿಲ್ಲದೆ ಸರಿದುಹೋಗುವ ಕಣ್ಣೀರಿನ ನಾಯಿಕೆಯಾಗಿಸುವುದು ನನಗೆ ಒಗ್ಗದು. ಮಧ್ಯಕಾಲದ ಕಾವ್ಯಗಳನ್ನು ಓದಿದವರಿಗೆ ರೂಢಿಯ ವಿಶೇಷಣ ಯಾವುದು, ವ್ಯಕ್ತಿಯ ಆಯ್ಕೆ ಯಾವುದು ಎಂದು ಬೇರ್ಪಡಿಸುವ ಅಭ್ಯಾಸವಿರುತ್ತದೆ. ಕಾದಂಬರಿಕಾರನಿಗೂ ಅದು ಬೇಕು.

ಅಡುಗೆ, ಉಡುಗೆ, ವಿನೋದಗಳಿಗೆ ಆಕರಗಳ ಕೊರತೆಯಿಲ್ಲ. ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಶಾಂತಲೆಯ ಕಾಲದ್ದೇ. ಕನ್ನಡದಲ್ಲಿ 1025ರ ಸುಮಾರಿನ ‘ಲೋಕೋಪಕಾರ’ವಿದೆ. ಇವನ್ನು ತಿರುವಿದವನು ಹನ್ನೆರಡನೆಯ ಶತಮಾನದ ಪಾಕಶಾಲೆಗೆ ಪೋರ್ಚುಗೀಸರ ಮೆಣಸಿನಕಾಯಿಯನ್ನು ತರಲಾರ. ಮಾತಿನ ವಿಚಾರ ಕಠಿಣ. ಹಳಗನ್ನಡದಲ್ಲಿ ಸಂಭಾಷಣೆ ಬರೆಯಲಾಗದು, ಬರೆದರೆ ಓದುವವರಿಲ್ಲ. ಆದರೆ ಹೊಯ್ಸಳ ದಂಡನಾಯಕ ‘ಹುಕುಂ’ ಹೊರಡಿಸಿದಾಗ, ಪೆರ್ಗಡೆಯೊಬ್ಬ ‘ಹುಷಾರು’ ಎಂದಾಗ, ಪುಟದ ಮೇಲಿನ ಶತಮಾನ ಥಟ್ಟನೆ ಕಳಚಿಬೀಳುತ್ತದೆ.

ಬೇಲೂರಿನ ಜಕಣಾಚಾರಿಯ ಕಥೆಯೂ ಇದೇ ಜಾತಿಯದು. ಅಲ್ಲಿನ ಮದನಿಕೆಯರ ಪೀಠಗಳಲ್ಲಿ ನಮಗೆ ಸಿಗುವುದು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರುಗಳು. ಶಾಂತಲೆಯ ಕಥೆಯಲ್ಲಿ ಇನ್ನೂ ಕೈಗೆತ್ತಿಕೊಳ್ಳಬೇಕಾದದ್ದು ಒಂದಿದೆ. ತಂದೆ ಮಾರಸಿಂಗಯ್ಯ ಶೈವ, ತಾಯಿ ಜೈನೆ, ಗಂಡ ಬೇಲೂರಿನಲ್ಲಿ 1117ರಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಿಸಿದವನು. ಪ್ರಭಾಚಂದ್ರರ ಶಿಷ್ಯೆಯಾದ ರಾಣಿ ತನ್ನ ಕೊನೆಯ ದಿನಗಳಲ್ಲಿ ಬೆಳಗೊಳದಲ್ಲಿರದೆ ಒಂದು ಶೈವತೀರ್ಥದಲ್ಲಿ ಏಕಿದ್ದಳು?