ಕ್ರೀಡಾಕೂಟಗಳ ಆತಿಥ್ಯದ ಪೈಪೋಟಿ: ರಾಜತಾಂತ್ರಿಕತೆ ಮತ್ತು ಪ್ರಾಮಾಣಿಕತೆ

ಅಂತರರಾಷ್ಟ್ರೀಯ ಕ್ರೀಡಾಕೂಟದ ಆತಿಥ್ಯಕ್ಕಾಗಿ ದೇಶಗಳು ಪರಸ್ಪರ ಬೆಂಬಲ ಕೋರುವುದು ಸಹಜ. ಇದು ಎಲ್ಲಿಯವರೆಗೆ ರಾಜತಾಂತ್ರಿಕತೆ, ಎಲ್ಲಿಂದಾಚೆಗೆ ಭ್ರಷ್ಟಾಚಾರ? ಕೊಡುಗೆ ಯಾರ ಕೈ ಸೇರಿತು, ಎಷ್ಟು ಬಹಿರಂಗವಾಗಿತ್ತು ಎಂಬುದರಿಂದ ಈ ಗಡಿಯನ್ನು ಗುರುತಿಸಬೇಕೆಂಬುದು ಪ್ರಸ್ತುತ ಲೇಖನದ ವಾದ.

ಸಾಲ್ಟ್ ಲೇಕ್ ಸಿಟಿಯ ಪ್ರಕರಣ ಸರಳವಾದುದು. 2002ರ ಚಳಿಗಾಲದ ಒಲಿಂಪಿಕ್ಸ್‌ಗಾಗಿ ಒಲಿಂಪಿಕ್ ಸಮಿತಿಯ ಸದಸ್ಯರಿಗೆ ನಗದು, ಉಡುಗೊರೆ, ಅವರ ಬಂಧುಗಳಿಗೆ ವಿದ್ಯಾರ್ಥಿವೇತನ ಸಂದದ್ದು 1998ರ ಕೊನೆಗೆ ಬಯಲಾಯಿತು. ಹತ್ತು ಸದಸ್ಯರು ಸ್ಥಾನ ತೊರೆದರು ಇಲ್ಲವೇ ಉಚ್ಚಾಟಿತರಾದರು. ಅಲ್ಲಿ ಲಾಭ ವ್ಯಕ್ತಿಗಳದ್ದು, ವ್ಯವಹಾರ ಗುಟ್ಟಿನದ್ದು.

ದೆಹಲಿಯ ಪ್ರಕರಣ ಅಷ್ಟು ಸುಲಭವಲ್ಲ. 2003ರಲ್ಲಿ ಜಮೈಕಾದಲ್ಲಿ ನಡೆದ ಮತದಾನದಲ್ಲಿ ಕೆನಡಾದ ಹ್ಯಾಮಿಲ್ಟನ್ ನಗರವನ್ನು 46–22ರಿಂದ ಮಣಿಸಿ ಭಾರತ 2010ರ ಕಾಮನ್‌ವೆಲ್ತ್ ಕ್ರೀಡಾಕೂಟ ಪಡೆಯಿತು. ಅದಕ್ಕೆ ಮುನ್ನ ಪ್ರತಿ ಸದಸ್ಯ ರಾಷ್ಟ್ರಕ್ಕೂ ಕ್ರೀಡಾ ತರಬೇತಿಗೆಂದು ಒಂದು ಲಕ್ಷ ಡಾಲರ್ ಕೊಡುವುದಾಗಿ ಅದು ಹೇಳಿತ್ತು. ಹಣ ಎಲ್ಲರಿಗೂ ಸಮಾನ, ಘೋಷಿತ, ಹಾಗಾಗಿ ಲಂಚವೆನ್ನಲಾಗದು. ಆದರೂ ಮತದಾನದ ಹೊಸ್ತಿಲಲ್ಲಿ ಬಂದ ಕೊಡುಗೆ ಕ್ರೀಡಾಂಗಣ, ಸಿದ್ಧತೆಗಳ ಚರ್ಚೆಯನ್ನು ಹಿಂದಕ್ಕೆ ಸರಿಸುತ್ತದೆ.

2022ರ ಫುಟ್‌ಬಾಲ್ ವಿಶ್ವಕಪ್‌ನ ನಿರ್ಧಾರ ಫುಟ್‌ಬಾಲ್‌ನ ವಿಶ್ವ ಆಡಳಿತ ಸಂಸ್ಥೆ ಫಿಫಾದ ಕಾರ್ಯಕಾರಿ ಸಮಿತಿಯ 22 ಮಂದಿಯ ಕೈಯಲ್ಲಿತ್ತು. 2010ರ ಡಿಸೆಂಬರ್ 2ರಂದು ಕತಾರ್ ಅಮೆರಿಕವನ್ನು 14–8ರಿಂದ ಸೋಲಿಸಿತು. ಅದಕ್ಕೆ ಕೆಲವೇ ದಿನ ಮೊದಲು ಫ್ರಾನ್ಸ್‌ನ ಅಂದಿನ ಅಧ್ಯಕ್ಷ ಸಾರ್ಕೋಜಿ ಎಲಿಸೀ ಅರಮನೆಯಲ್ಲಿ ನೀಡಿದ ಭೋಜನಕೂಟದಲ್ಲಿ ಕತಾರ್ ಯುವರಾಜರೂ ಮತದಾರರಲ್ಲೊಬ್ಬರಾದ ಪ್ಲಾಟಿನಿಯೂ ಇದ್ದರು. ಕತಾರ್‌ಗೇ ಮತ ಹಾಕಿದ್ದಾಗಿ ಪ್ಲಾಟಿನಿ ಒಪ್ಪಿಕೊಂಡರು. ಆದರೆ ಸಾರ್ಕೋಜಿ ಹಾಗೆ ಕೇಳಿದರೆಂಬುದನ್ನು ಅವರು ಅಲ್ಲಗಳೆದರು. ಮಾತುಕತೆಯ ದಾಖಲೆಯಿಲ್ಲದ ಕಡೆ ರಾಜತಾಂತ್ರಿಕತೆ ತನ್ನ ನಿರ್ದೋಷಿತ್ವವನ್ನೂ ಸಾಬೀತುಪಡಿಸಲಾರದು.

ಮುಂದೆ ಫಿಫಾ ಎಲ್ಲ ಸದಸ್ಯ ಸಂಸ್ಥೆಗಳಿಗೂ ಮತಾಧಿಕಾರ ಕೊಟ್ಟು ಯಾರು ಯಾರಿಗೆ ಮತ ಹಾಕಿದರೆಂಬುದನ್ನು ಪ್ರಕಟಿಸಿತು. 2018ರಲ್ಲಿ ನಡೆದ ಅಂಥ ಮತದಾನದಲ್ಲಿ ಉತ್ತರ ಅಮೆರಿಕದ ಜಂಟಿ ಬಿಡ್ ಮೊರಾಕ್ಕೊವನ್ನು 134–65ರಿಂದ ಸೋಲಿಸಿತು. ಆದರೆ 2034ರ ವಿಶ್ವಕಪ್‌ಗೆ ಆಸಕ್ತಿ ತಿಳಿಸಲು ನಾಲ್ಕು ವಾರವೂ ಸಿಗಲಿಲ್ಲ. ಕಣದಲ್ಲಿ ಉಳಿದದ್ದು ಸೌದಿ ಅರೇಬಿಯಾ ಒಂದೇ. 2024ರ ಡಿಸೆಂಬರ್‌ನಲ್ಲಿ ಚಪ್ಪಾಳೆಯೇ ಮತವಾಯಿತು. ಮತದಾರರು ಹೆಚ್ಚಿದ್ದರಿಂದ ಲಂಚದ ದಾರಿ ಕಿರಿದಾಗಿರಬಹುದು. ಆದರೆ ಪೈಪೋಟಿಯೇ ಇಲ್ಲವಾದಾಗ ಆಯ್ಕೆಯೂ ಇಲ್ಲವಾಯಿತು.

2036ರ ಒಲಿಂಪಿಕ್ಸ್‌ಗೆ ಭಾರತ ಆಸಕ್ತಿ ಸೂಚಿಸಿದೆ. ವಿದೇಶಗಳಿಗೆ ನೀಡುವ ಭರವಸೆ, ಸರ್ಕಾರದ ಖಾತರಿ, ವೆಚ್ಚದ ಅಂದಾಜುಗಳನ್ನು ನಿರ್ಧಾರಕ್ಕೆ ಮೊದಲೇ ಸಂಸತ್ತಿನ ಮುಂದಿಡುವುದು ಅದರ ಪ್ರಾಮಾಣಿಕತೆಗೆ ಕನಿಷ್ಠ ಪರೀಕ್ಷೆಯಾಗಬೇಕು.