ಡಮರು ಬೆನ್ನಿನ ಮರಗಪ್ಪೆ: ರೂಪಲಕ್ಷಣ ಮತ್ತು ಪರಿಸರ

ಹೊಸ ಪ್ರಭೇದವೊಂದನ್ನು ವಿವರಿಸುವಾಗ ವರ್ಗೀಕರಣಕಾರರು ಸಾಮಾನ್ಯವಾಗಿ ಬೆಳೆದ ಜೀವಿಯ ಮೈಬಣ್ಣ, ಅಳತೆಗಳನ್ನೇ ನೆಚ್ಚುತ್ತಾರೆ. ಡೆಂಡ್ರೊಪ್ಸೋಫಸ್ ಎಬ್ರಾಕೇಟಸ್ ಎಂಬ ಪುಟ್ಟ ಮರಗಪ್ಪೆಯ ಮಟ್ಟಿಗೆ ಇದು ಸಾಲದು ಎಂಬುದು ಈ ಲೇಖನದ ವಾದ.

ಅಮೆರಿಕದ ಪ್ರಾಣಿವಿಜ್ಞಾನಿ ಎಡ್ವರ್ಡ್ ಡ್ರಿಂಕರ್ ಕೋಪ್ 1874ರಲ್ಲಿ ಇದನ್ನು ಹೈಲಾ ಕುಲದಲ್ಲಿರಿಸಿ ವಿವರಿಸಿದರು. 2005ರ ಪರಿಷ್ಕರಣೆಯಲ್ಲಿ, 30 ವರ್ಣತಂತುಗಳುಳ್ಳ ಇತರ ಪ್ರಭೇದಗಳ ಜೊತೆ ಇದು ಈಗಿನ ಕುಲಕ್ಕೆ ಬಂತು. ದಕ್ಷಿಣ ಮೆಕ್ಸಿಕೊದಿಂದ ಕೊಲಂಬಿಯಾ, ಈಕ್ವೆಡಾರ್‌ವರೆಗಿನ ತಗ್ಗುಪ್ರದೇಶದ ಮಳೆಕಾಡುಗಳು ಇದರ ನೆಲೆ. ಗಂಡಿನ ಉದ್ದ ಸುಮಾರು 25 ಮಿ.ಮೀ.; ಹೆಣ್ಣು ಇನ್ನೂ ದೊಡ್ಡದು. ಹಳದಿ ಬೆನ್ನಿನ ಮೇಲೆ ಡಮರುವಿನಂತೆ ನಡು ಸಣ್ಣಗಾದ ಕಂದು ಮಚ್ಚೆ ಇದೆ. ತೊಡೆಗಳಲ್ಲಿ ಚಿತ್ತಾರವಿಲ್ಲ, ಬರಿಯ ಹಳದಿ. ಈ ಮಚ್ಚೆಯೂ ಎಲ್ಲೆಡೆ ಒಂದೇ ತೆರನಾಗಿಲ್ಲ. ಇದರ ಭಿನ್ನ ಸಮುದಾಯಗಳನ್ನು ಹೋಲಿಸಿದ 2009ರ ಅಧ್ಯಯನವೊಂದರ ಪ್ರಕಾರ ಮೈಗಾತ್ರ, ಚಿತ್ತಾರ, ಕೂಗು ಇವು ಊರಿಂದೂರಿಗೆ ಬದಲಾಗುತ್ತವೆ. ಆದರೆ ಮೂರೂ ಒಟ್ಟಾಗಿ ಬದಲಾಗುವುದಿಲ್ಲ.

ಗೊದಮೊಟ್ಟೆಗಳಲ್ಲಿ ಈ ವ್ಯತ್ಯಾಸ ಇನ್ನೂ ನಿಚ್ಚಳ. ಜಸ್ಟಿನ್ ಟೌಚನ್ ಮತ್ತು ಕರೆನ್ ವಾರ್ಕೆಂಟಿನ್ ಪನಾಮಾದಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಡ್ರ್ಯಾಗನ್‌ಫ್ಲೈ ಮರಿಗಳಿದ್ದ ನೀರಿನಲ್ಲಿ ಬೆಳೆದವುಗಳ ಬಾಲ ಅಗಲವಾಗಿ ಕೆಂಪೇರಿತು. ಮೀನಿದ್ದ ನೀರಿನಲ್ಲಿ ಬೆಳೆದವುಗಳ ಬಾಲ ಕಿರಿದಾಗಿ ಬಣ್ಣಗೆಟ್ಟಿತು. ಹೊಂಚುಹಾಕಿ ಎರಗುವ ಡ್ರ್ಯಾಗನ್‌ಫ್ಲೈ ಮರಿಯ ಗುರಿಯನ್ನು ಕೆಂಪು ಬಾಲ ತನ್ನತ್ತ ಸೆಳೆದರೆ ತಲೆ, ಒಡಲು ಉಳಿಯುತ್ತವೆ; ಬಾಲದ ತುದಿ ಹರಿದರೂ ಜೀವಕ್ಕೆ ಅಪಾಯವಿಲ್ಲ. ಕಣ್ಣಿನಿಂದ ಹುಡುಕಿ ಅಟ್ಟಿಸಿಕೊಂಡು ಬರುವ ಮೀನಿನೆದುರು ಅದೇ ಕೆಂಪು ಪ್ರಾಣಕ್ಕೆ ಮುಳುವು. ಅಲ್ಲಿ ಕಣ್ಣಿಗೆ ಬೀಳದಿರುವುದೇ ರಕ್ಷಣೆ.

ಮೊಟ್ಟೆಯ ವಿಷಯದಲ್ಲೂ ಹಾಗೆಯೇ. ನೆರಳಿನ ಕೊಳಗಳಲ್ಲಿ ಈ ಕಪ್ಪೆ ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ಮೊಟ್ಟೆಯಿಡುತ್ತದೆ. ಬಿಸಿಲು ಬೀಳುವ ಕೊಳಗಳಲ್ಲಿ ಎಲೆಯ ಮೇಲಿನ ಮೊಟ್ಟೆ ಒಣಗುವುದರಿಂದ ಹೆಚ್ಚಾಗಿ ನೀರಿನಲ್ಲೇ ಇಡುತ್ತದೆ. ಇದನ್ನೂ ಇದೇ ಸಂಶೋಧಕರು 2008ರಲ್ಲೇ ವರದಿ ಮಾಡಿದ್ದಾರೆ. ಕಶೇರುಕಗಳಲ್ಲಿ ಇಂಥ ಎರಡು ಬಗೆಯ ವರ್ತನೆ ದಾಖಲಾದದ್ದು ಅದೇ ಮೊದಲು.

ಹೀಗಾಗಿ 'ಕೆಂಪು ಬಾಲ' ಅಥವಾ 'ಬಣ್ಣವಿಲ್ಲದ ಬಾಲ' ಎಂಬ ಒಂಟಿ ಲಕ್ಷಣದಿಂದ ಈ ಗೊದಮೊಟ್ಟೆಯನ್ನು ಗುರುತಿಸಹೊರಟರೆ ಎಡವುವ ಸಾಧ್ಯತೆಯೇ ಹೆಚ್ಚು. ಗೊದಮೊಟ್ಟೆಗಳ ಮಾದರಿ ಸಂಗ್ರಹಿಸುವವರು ಅವುಗಳ ಅಳತೆ, ಬಣ್ಣಗಳ ಜೊತೆಗೆ ಆ ಕೊಳದಲ್ಲಿ ಅವನ್ನು ತಿನ್ನುವ ಜೀವಿಗಳು ಯಾವುವಿದ್ದವು ಎಂಬುದನ್ನೂ ತಪ್ಪದೆ ದಾಖಲಿಸಬೇಕು.