ಉತ್ತರವನ್ನು ಅಡಗಿಸುವ ವಿದ್ಯೆ

ಮೊದಲಿಗೆ ಒಂದು ಪುಟ್ಟ ವಾಕ್ಯವನ್ನು ನಿಮ್ಮ ಮುಂದಿಡುತ್ತೇನೆ: "ಆ ಹೊಲ ತೆನೆ ಬಿಟ್ಟಿದೆ." ಈ ಹೊಲದೊಳಗೆ ಒಂದು ಬಳ್ಳಿಯುಂಟು. ಎಲ್ಲಿದೆಯೆಂದು ಹುಡುಕುತ್ತಿರಿ. ಅಷ್ಟರಲ್ಲಿ ನಾನು ನನ್ನ ಊರಿನ ಒಂದು ಸಂಗತಿಯನ್ನು ಹೇಳಿ ಮುಂದುವರಿಯುತ್ತೇನೆ.

ನನ್ನ ಊರು ಪಿರಿಯಾಪಟ್ಟಣದ ಸೀಮೆಯ ಹಾರನಹಳ್ಳಿ. ನಾನು ಚಿಕ್ಕವನಿದ್ದಾಗ ಅಲ್ಲಿ ಹೊಗೆಸೊಪ್ಪಿನ ಎಲೆಗಳನ್ನು ಕಡ್ಡಿಗೆ ಕಟ್ಟುತ್ತ ಹೆಂಗಸರೂ ಮಕ್ಕಳೂ ಸಾಲಾಗಿ ಕುಳಿತಿರುತ್ತಿದ್ದರು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುವಂಥ ಕೆಲಸ ಅದು. ಬಾಯಿಗೂ ಬುದ್ಧಿಗೂ ಬಿಡುವಿರುತ್ತಿತ್ತು. ಆ ಬಿಡುವನ್ನು ತುಂಬುತ್ತಿದ್ದುದು ಒಗಟು. ನಮ್ಮ ಅಜ್ಜಿ ಅದರಲ್ಲಿ ಗಟ್ಟಿಗರು. ಅವರು ಕೇಳುತ್ತಿದ್ದ ಒಗಟುಗಳ ಉತ್ತರಗಳೆಲ್ಲ ಕೈಚಾಚಿದರೆ ಸಿಕ್ಕುವಷ್ಟು ಹತ್ತಿರದಲ್ಲಿರುತ್ತಿದ್ದವು: ಒರಳು, ನೊಗ, ಈರುಳ್ಳಿ, ಬೆಂಕಿಕಡ್ಡಿ. ಎದುರಿಗೇ ಇದ್ದರೂ ಕಾಣುತ್ತಿರಲಿಲ್ಲ. "ಸೋತೆ" ಎಂದು ಒಪ್ಪಿಕೊಳ್ಳುವವರೆಗೆ ಅಜ್ಜಿ ಉತ್ತರವನ್ನು ಬಿಟ್ಟುಕೊಡುತ್ತಿರಲಿಲ್ಲ.

ಆದರೆ ಒಂದು ಒಗಟನ್ನು ಅಜ್ಜಿ ವಿನೋದಕ್ಕಾಗಿ ಹೇಳುತ್ತಿರಲಿಲ್ಲ. ಅದು ನಮ್ಮ ತಾತನ ಹೆಸರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬ ಕಟ್ಟು ಆ ಕಾಲದ ಹೆಂಗಸರಿಗಿತ್ತಷ್ಟೆ. ಮದುವೆ ಮನೆಯಲ್ಲಿ ಹೊಸ ಹೆಣ್ಣನ್ನು ಬಾಗಿಲಲ್ಲಿ ತಡೆದು ಹೆಸರು ಹೇಳಿಸುವ ವಾಡಿಕೆ, ಹೆಸರನ್ನು ಮಾತಿನ ಮಡಿಕೆಯಲ್ಲಿಟ್ಟು ಹೇಳುವ ಚಮತ್ಕಾರ, ಇವೆಲ್ಲ ಆ ಕಟ್ಟಿನಿಂದಲೇ ಹುಟ್ಟಿದವು. ನಮ್ಮ ಕಡೆ ಅದನ್ನೂ ಒಗಟೆಂದೇ ಕರೆಯುತ್ತಾರೆ. ಉತ್ತರ ಕರ್ನಾಟಕದವರು ಒಡಪು ಎನ್ನುತ್ತಾರೆ.

ನನಗಾಗ ಏಳೆಂಟು ವರ್ಷ. ತಾತ ತೀರಿಕೊಂಡಿದ್ದರು. ಜಮೀನಿನ ಕಾಗದಕ್ಕೆ ಸಂಬಂಧಿಸಿದ ಯಾವುದೋ ಕೆಲಸಕ್ಕೆ ಅಜ್ಜಿ ನನ್ನ ಕೈಹಿಡಿದುಕೊಂಡು ಒಂದು ಕಚೇರಿಗೆ ಹೋದರು. ವಂಶಪಾರಂಪರ್ಯದ ಶ್ಯಾನುಭೋಗಿಕೆಯನ್ನು 1961ರ ಕಾಯಿದೆ ರದ್ದುಗೊಳಿಸಿದ ಮೇಲಿನ ಮಾತಿದು. ಊರಿನ ಮನೆಮನೆಯ ಹೆಸರು ಬಲ್ಲ ಶ್ಯಾನುಭೋಗರ ಜಾಗದಲ್ಲಿ ದೂರದ ಸೀಮೆಯಿಂದ ಬಂದ ಹೊಸಬರು ಕುಳಿತಿದ್ದರು. "ಯಜಮಾನರ ಹೆಸರೇನಜ್ಜಿ?" ಎಂದು ಕೇಳಿದರು. ಅಜ್ಜಿ ಸೆರಗು ಸರಿಮಾಡಿಕೊಂಡು, "ಬೆಟ್ಟದಪುರದ ಬೆಟ್ಟದ ಮ್ಯಾಲೆ ಸಿಡಿಲಿಗೆ ಎದೆಕೊಟ್ಟು ಕುಂತವ್ನಲ್ಲ, ಅವನ ಹೆಸ್ರೇ ಸ್ವಾಮಿ" ಎಂದರು. ನಮ್ಮ ಸೀಮೆಯ ಹಸುಳೆಗೂ ಗೊತ್ತು, ಆ ಬೆಟ್ಟದ ಮೇಲಿರುವವನು ಸಿಡಿಲು ಮಲ್ಲಿಕಾರ್ಜುನ. ಹಾಗಾಗಿ ತಾತ ಮಲ್ಲಪ್ಪ. ಕುಳಿತಿದ್ದವರಿಗೆ ಬೆಟ್ಟವೂ ಗೊತ್ತಿಲ್ಲ, ದೇವರೂ ಗೊತ್ತಿಲ್ಲ. ಅವರು ನನ್ನ ಕಡೆ ನೋಡಿದರು. ನನಗೆ ತಾತನೆಂದರೆ ತಾತ, ಅಷ್ಟೆ. ಅವರಿಗೆ ಬೇರೊಂದು ಹೆಸರಿದೆಯೆಂಬುದೇ ಹೊಳೆದಿರಲಿಲ್ಲ. ಅವರು ಬರೆದುಕೊಂಡದ್ದು "ಬೆಟ್ಟಪ್ಪ" ಎಂದು. ಅಜ್ಜಿ ಅದರ ಕೆಳಗೆ ಹೆಬ್ಬೆಟ್ಟು ಒತ್ತಿದರು. ಆ ಬೆಟ್ಟಪ್ಪನನ್ನು ಮಲ್ಲಪ್ಪನನ್ನಾಗಿ ಮಾಡಲು ನಮ್ಮ ತಂದೆಗೆ ಆರು ವರ್ಷ ಹಿಡಿಯಿತು. ಅದು ಸರಿಹೋದಾಗ ಅಜ್ಜಿ ಇರಲಿಲ್ಲ.

ಈ ಘಟನೆಯ ನಿಜವಾದ ಅರ್ಥ ನನಗೆ ತಿಳಿದದ್ದು ಬಹಳ ವರ್ಷಗಳ ತರುವಾಯ, ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಓದುತ್ತ ಅಲಂಕಾರಶಾಸ್ತ್ರದ ಪಾಠ ಕೇಳುವಾಗ. ಒಗಟಿಗೆ ಶಾಸ್ತ್ರದ ಹೆಸರು ಪ್ರಹೇಳಿಕೆ. ವಾತ್ಸ್ಯಾಯನನ ಕಾಮಸೂತ್ರ ಅರುವತ್ತನಾಲ್ಕು ಕಲೆಗಳಲ್ಲಿ ಅದನ್ನೂ ಎಣಿಸಿದೆ. ದಂಡಿಯ ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಹದಿನಾರು ಬಗೆಯ ಪ್ರಹೇಳಿಕೆಗಳ ವಿವರವಿದೆ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ನಮ್ಮ ಕವಿರಾಜಮಾರ್ಗ ಅಲಂಕಾರಗಳ ವಿಚಾರದಲ್ಲಿ ಬಹುಮಟ್ಟಿಗೆ ಈ ದಂಡಿಯ ಜಾಡನ್ನೇ ಹಿಡಿದದ್ದು. ಪ್ರಹೇಳಿಕೆಯ ಪ್ರಯೋಜನವೇನೆಂಬುದನ್ನೂ ದಂಡಿ ಹೇಳುತ್ತಾನೆ: ಗೋಷ್ಠಿಯ ವಿನೋದಕ್ಕೆ, ಜನಸಂದಣಿಯಲ್ಲಿ ಬಲ್ಲವರು ಗುಟ್ಟು ಮಾತಾಡಿಕೊಳ್ಳುವುದಕ್ಕೆ, ಎದುರಿನವನನ್ನು ತಬ್ಬಿಬ್ಬುಗೊಳಿಸುವುದಕ್ಕೆ. ಇನ್ನೊಂದು ಸಂಗತಿ ನನಗೆ ಹೆಚ್ಚು ಹಿಡಿಸಿತು. ಹಿಂದಿನ ಆಚಾರ್ಯರು ಹದಿನಾಲ್ಕು ದುಷ್ಟ ಪ್ರಹೇಳಿಕೆಗಳನ್ನೂ ಹೇಳಿದ್ದಾರೆಂದು ಅವನು ತಿಳಿಸುತ್ತಾನೆ. ಒಗಟಿನಲ್ಲೂ ಒಳ್ಳೆಯದು ಕೆಟ್ಟದ್ದು ಎಂಬುದುಂಟು. ಬಿಡಿಸಲು ಕಷ್ಟವಾದ ಮಾತ್ರಕ್ಕೆ ಅದು ಒಳ್ಳೆಯ ಒಗಟಾಗದು.

ಲಾಕ್ಷಣಿಕರು ಮಾಡಿದ ಮತ್ತೊಂದು ವಿಂಗಡಣೆ ಇದಕ್ಕಿಂತಲೂ ಉಪಯುಕ್ತವಾದದ್ದು. ಉತ್ತರ ಪ್ರಶ್ನೆಯ ಮಾತುಗಳಲ್ಲೇ ಅಡಗಿದ್ದರೆ ಅದು ಅಂತರ್ಲಾಪ. ಉತ್ತರವನ್ನು ಪ್ರಶ್ನೆಯ ಹೊರಗಿನಿಂದ ತರಬೇಕಾದರೆ ಅದು ಬಹಿರ್ಲಾಪ. ಅಜ್ಜಿಯ ಒಗಟು ಬಹಿರ್ಲಾಪ. ಅದರ ಉತ್ತರ ಬೆಟ್ಟದ ಮೇಲಿತ್ತು, ಮಾತಿನಲ್ಲಿರಲಿಲ್ಲ. ಬೆಟ್ಟವನ್ನು ಕಾಣದವನಿಗೆ ಅದು ಒಗಟೇ ಅಲ್ಲ, ಬರಿಯ ಕತ್ತಲೆ.

ಈಗ ಹೊಲದೊಳಗಿನ ಬಳ್ಳಿಗೆ ಬರೋಣ. ಹೊಲ ಎಂಬುದರ ಕೊನೆಯಕ್ಷರ ಲ. ತೆನೆ ಎಂಬುದರ ಮೊದಲಕ್ಷರ ತೆ. ಎರಡನ್ನೂ ಕೂಡಿಸಿ ಓದಿ: ಲತೆ. ಬಳ್ಳಿ ಅಲ್ಲಿಯೇ ಇತ್ತು. ನಮ್ಮ ಕಣ್ಣು ಎರಡು ಪದಗಳ ನಡುವೆ ಒಂದು ಬೇಲಿ ಹಾಕಿದ್ದರಿಂದ ಕಾಣಲಿಲ್ಲ. ಹೀಗೆಯೇ, "ಮಾವ ನದಿಗೆ ಹೋದ" ಎಂದರೆ ಅವನ ದಾರಿಯಲ್ಲಿ ಒಂದು ಕಾಡು ಸಿಕ್ಕಿದೆ. ಮಾವನ ವಕಾರವನ್ನೂ ನದಿಯ ನಕಾರವನ್ನೂ ಜೋಡಿಸಿ ನೋಡಿ, ವನ. ಇವು ನಾನೇ ಹೊಸೆದವು. ಪೂರ್ವಕವಿಗಳ ತಲೆಯ ಮೇಲೆ ಹೊರಿಸಬೇಡಿ. ಬಾನುಲಿಯಲ್ಲಿ ಇಂಥವನ್ನು ಹೇಳುವುದರಲ್ಲಿ ಒಂದು ಅನುಕೂಲವೂ ಇದೆ. ಕಿವಿಗೆ ಪದಗಳ ನಡುವಣ ಬೇಲಿ ಕೇಳಿಸುವುದಿಲ್ಲ.

ಹಳೆಯ ಕಾಲದಲ್ಲಿ ಕಣ್ಣಿಗೂ ಅದು ಕಾಣುತ್ತಿರಲಿಲ್ಲ. ನಮ್ಮ ಓಲೆಗರಿಗಳಲ್ಲಿ, ಶಾಸನಗಳಲ್ಲಿ ಪದಪದಕ್ಕೂ ತೆರಪು ಬಿಡುವ ರೂಢಿ ಇರಲಿಲ್ಲ. ಅಕ್ಷರಗಳು ಇರುವೆಸಾಲಿನಂತೆ ಒಂದೇ ಸಮನೆ ಸಾಗುತ್ತವೆ. ಎಲ್ಲಿ ಕಡಿಯಬೇಕು, ಸಂಧಿಯನ್ನು ಹೇಗೆ ಬಿಡಿಸಬೇಕು ಎಂಬುದು ಓದುವವನ ಹೊಣೆ. ತರಗತಿಯಲ್ಲಿ ನಾವು ಪದಚ್ಛೇದ ಮಾಡಿಸುತ್ತಿದ್ದೆವಲ್ಲ, ಅದು ಇದೇ ಕಸರತ್ತು. ತಪ್ಪು ಜಾಗದಲ್ಲಿ ಕಡಿದ ವಿದ್ಯಾರ್ಥಿಯ ಪಂಪನಲ್ಲಿ ಎಂಥೆಂಥ ವಿಚಿತ್ರ ಪ್ರಾಣಿಗಳು ಓಡಾಡಿದವೆಂಬುದನ್ನು ನಾನು ಬಲ್ಲೆ! ದಂಡಿಯ ಹದಿನಾರರಲ್ಲಿ ಮೊದಲನೆಯದೇ 'ಸಮಾಗತಾ', ಎಂದರೆ ಪದಗಳ ಸಂಧಿಯಿಂದ ಅರ್ಥ ಮರೆಯಾಗುವಂಥದು. ಹಳಗನ್ನಡದ ಓದುಗ ಪ್ರತಿ ಸಾಲಿನಲ್ಲೂ ಒಂದೊಂದು ಸಮಾಗತೆಯನ್ನು ಬಿಡಿಸುತ್ತಲೇ ಮುಂದೆ ಸಾಗಬೇಕಾಗಿತ್ತು.

ಅಕ್ಷರಗಳಲ್ಲಿ ಅಂಕೆಗಳನ್ನು ಬಚ್ಚಿಡುವ ವಿದ್ಯೆಯೂ ನಮ್ಮಲ್ಲಿ ಬಳಕೆಯಲ್ಲಿತ್ತು. ಸಂಗೀತಾಭ್ಯಾಸ ಮಾಡುವ ಮಕ್ಕಳು ಸರಳೆವರಸೆಯನ್ನು ಹಾಡುವುದು ಮಾಯಾಮಾಳವಗೌಳ ರಾಗದಲ್ಲಿ. ಆ ಹೆಸರಿನ ಮೊದಲೆರಡಕ್ಷರ ಮಾ, ಯಾ. ಕಟಪಯಾದಿ ಲೆಕ್ಕದಲ್ಲಿ ಮಕಾರಕ್ಕೆ 5, ಯಕಾರಕ್ಕೆ 1. ಹಿಂದುಮುಂದು ಮಾಡಿದರೆ 15. ಎಪ್ಪತ್ತೆರಡು ಮೇಳಗಳಲ್ಲಿ ಅದು ಹದಿನೈದನೆಯದು. ಧೀರಶಂಕರಾಭರಣದಲ್ಲಿ ಧಕಾರ 9, ರಕಾರ 2, ತಿರುಗಿಸಿದರೆ 29. ಕೀಲಿಯನ್ನು ಒಮ್ಮೆ ಕಲಿತವನಿಗೆ ಯಾವ ಗುರುವಿನ ಹಂಗೂ ಇಲ್ಲದೆ ಎಪ್ಪತ್ತೆರಡೂ ಬಿಚ್ಚಿಕೊಳ್ಳುತ್ತವೆ. ತೆಗೆದ ಉತ್ತರ ಸರಿಯೇ ತಪ್ಪೇ ಎಂಬುದನ್ನು ತಾನೇ ತಾಳೆ ನೋಡಬಹುದು.

ಹೀಗೆ ತಾಳೆ ನೋಡಲು ಬಾರದ ಒಗಟುಗಳೂ ಕನ್ನಡದಲ್ಲಿ ಹೇರಳವಾಗಿವೆ. ಅಲ್ಲಮಪ್ರಭುವಿನ ಬೆಡಗಿನ ವಚನಗಳು, ಕನಕದಾಸರ ಮುಂಡಿಗೆಗಳು ಈ ಜಾತಿಯವು. ಅಲ್ಲಿ ಮರ, ಹಕ್ಕಿ, ಹುಲಿ, ಬಾವಿ ಯಾವುದೂ ತಾನು ತಾನಲ್ಲ. ಇವಕ್ಕೆ ಟೀಕೆ ಬರೆದವರು ಪದಪದಕ್ಕೂ ತತ್ತ್ವಾರ್ಥವನ್ನು ಹೊಂದಿಸಿದರು. ಒಬ್ಬ ಟೀಕಾಕಾರನಿಗೆ ಕಂಡದ್ದು ಇನ್ನೊಬ್ಬನಿಗೆ ಕಾಣಬೇಕೆಂದಿಲ್ಲ. ಇದನ್ನು ದೋಷವೆಂದು ನಾನು ಹೇಳಲಾರೆ. ಅನುಭಾವಿಗೆ ಉತ್ತರ ಕೊಡುವ ಅವಸರವಿಲ್ಲ, ಓದುಗನನ್ನು ಅಲುಗಿಸುವುದೇ ಅವನ ಉದ್ದೇಶ. ಆದರೆ ಅವನ್ನು ಒಗಟಿನ ಸಾಲಿನಲ್ಲಿ ಕೂರಿಸಿ ಇದಮಿತ್ಥಂ ಎಂದು ಬಿಡಿಸಿಟ್ಟಾಗ ನನಗೆ ಕಸಿವಿಸಿಯಾಗುತ್ತದೆ. ಕುಮುದೇಂದು ಮುನಿಯದೆನ್ನುವ ಸಿರಿಭೂವಲಯದ ವಿಚಾರವೂ ಇಲ್ಲಿ ನೆನಪಾಗುವುದು ಸಹಜ. ಉದ್ದಕ್ಕೆ 27, ಅಡ್ಡಕ್ಕೆ 27 ಮನೆಗಳ ಚೌಕಗಳು. ಮನೆಗಳ ತುಂಬ 1ರಿಂದ 64ರವರೆಗಿನ ಅಂಕಿಗಳು. ಒಂದೊಂದು ಅಂಕಿಗೂ ಒಂದೊಂದು ಧ್ವನಿ. ಗೊತ್ತಾದ ಬಂಧದಲ್ಲಿ ನಡೆದರೆ ಪದ್ಯ ಹೊರಡುತ್ತದೆ. ಅದು 1953ರಲ್ಲಿ ಅಚ್ಚಾದಂದಿನಿಂದ ಅದರ ಕಾಲ, ಕರ್ತೃತ್ವಗಳ ಬಗೆಗೆ ವಿದ್ವಾಂಸರಲ್ಲಿ ವಾದ ನಿಂತಿಲ್ಲ. ನಾನು ಆ ವಾದಕ್ಕೆ ಇಳಿಯುವುದಿಲ್ಲ.

ಇನ್ನು ನಮ್ಮ ಕಾಲದ ಪದಬಂಧ. ಇದರ ಬೀಜ ಹೊರಗಿನದು. 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಎಂಬಾತ ವಜ್ರಾಕೃತಿಯ ಒಂದು ಪದಚೌಕವನ್ನು ಪ್ರಕಟಿಸಿದ. ಇಂಗ್ಲೆಂಡಿಗೆ ಹೋದ ಮೇಲೆ ಅದಕ್ಕೆ ಹೊಸ ಚುರುಕು ಬಂತು. 1926ರಿಂದ ಅಬ್ಸರ್ವರ್ ಪತ್ರಿಕೆಯಲ್ಲಿ ಟಾರ್ಕ್ವಿಮಾಡಾ ಎಂಬ ಗುಪ್ತನಾಮದಿಂದ ಎಡ್ವರ್ಡ್ ಪೊವಿಸ್ ಮೇದರ್ಸ್ ಅರ್ಥದ ಸುಳಿವನ್ನು ಬಿಟ್ಟು ಮಾತಿನ ಮೋಸವನ್ನೇ ಸುಳಿವಾಗಿಸಿದ. ಪದವನ್ನು ಪದಗಳ ನಡುವೆ ಹುದುಗಿಸುವುದು, ತಿರುಗಿಸುವುದು, ಒಡೆದು ಜೋಡಿಸುವುದು, ಎಲ್ಲವೂ ಅಲ್ಲಿ ಬಂದವು. ನಮ್ಮವರಿಗೆ ಇದು ಹೊಸದಲ್ಲ, ಅಂತರ್ಲಾಪದ ಅಣ್ಣತಮ್ಮನೇ. ಕನ್ನಡದಲ್ಲಿ ಇದಕ್ಕೆ ಪದಬಂಧವೆಂಬ ಹೆಸರು ನಿಂತದ್ದೂ ಸೊಗಸಾಗಿದೆ; ಪದ್ಮಬಂಧ, ಮುರಜಬಂಧಗಳನ್ನು ಕಟ್ಟಿದ ಚಿತ್ರಕವಿಗಳ 'ಬಂಧ' ಅದರಲ್ಲಿ ಕೇಳಿಸುತ್ತದೆ. ಅ.ನಾ. ಪ್ರಹ್ಲಾದರಾವ್ ಅವರು ಕನ್ನಡ ಪತ್ರಿಕೆಗಳಿಗಾಗಿ ಸಾವಿರಾರು ಪದಬಂಧಗಳನ್ನು ರಚಿಸಿದ್ದಾರೆ. ಬೆಳಗಿನ ಕಾಫಿಯ ಲೋಟದ ಪಕ್ಕದಲ್ಲಿ ಪೆನ್ಸಿಲ್ ಇಟ್ಟುಕೊಳ್ಳುವ ಅಭ್ಯಾಸ ಎಷ್ಟು ಮನೆಗಳಿಗೆ ಅಂಟಿದೆಯೆಂಬುದು ನಿಮಗೇ ಗೊತ್ತು.

ಕನ್ನಡದ ಕಷ್ಟ ಇಂಗ್ಲಿಷಿನವರಿಗೆ ಅರ್ಥವಾಗುವಂಥದಲ್ಲ. ಅವರಿಗೆ ಇಪ್ಪತ್ತಾರೇ ಅಕ್ಷರ. ನಮ್ಮಲ್ಲಿ ಒಂದು ಮನೆಗೆ ಒಂದು ಅಕ್ಷರವೆಂದರೆ ಕಾಗುಣಿತ, ಒತ್ತು, ಅನುಸ್ವಾರ ಎಲ್ಲ ಸೇರಿದ ಅಕ್ಷರ. ಎಡದಿಂದ ಬಲಕ್ಕೆ ಕೂತ 'ಕಿ' ಮೇಲಿನಿಂದ ಕೆಳಕ್ಕೂ 'ಕಿ'ಯೇ ಆಗಬೇಕು. 'ಕ'ವೂ ಆಗದು, 'ಕೀ'ಯೂ ಆಗದು. ಹಾಗಾಗಿ ನಮ್ಮ ಚೌಕಗಳಲ್ಲಿ ಪದಗಳು ಒಂದನ್ನೊಂದು ದಾಟುವ ಜಾಗಗಳು ವಿರಳ. ಅದೇ ಕಷ್ಟದಲ್ಲಿ ಒಂದು ಸುಖವೂ ಇದೆ. ದಿನ ಎಂಬುದನ್ನು ಅಕ್ಷರಶಃ ಹಿಂದಕ್ಕೆ ಹೊರಳಿಸಿ. ಅದು ನದಿಯಾಗಿ ಹರಿಯುತ್ತದೆ. ಸರವನ್ನು ತಿರುಗಿಸಿದರೆ ರಸ ಸುರಿಯುತ್ತದೆ. ಗುಣಿತವು ಅಕ್ಷರವನ್ನು ಬಿಡದೆ ಅಂಟಿಕೊಂಡಿರುವುದರಿಂದ ಇದು ಸಾಧ್ಯವಾಯಿತು.

ಕಾಲೇಜಿನಲ್ಲಿದ್ದಾಗ ಭಿತ್ತಿಪತ್ರಿಕೆಗೆ ನಾನು ಕೆಲವು ಒಗಟುಗಳನ್ನು ರಚಿಸಿದ್ದೆ. ಮೊದಲನೆಯದರಲ್ಲಿ ಅಪೂರ್ವವಾದ ನಿಘಂಟು ಪದಗಳನ್ನು ತುರುಕಿ, ಪಾಂಡಿತ್ಯವನ್ನು ಮೆರೆದಿದ್ದೆ. ಒಬ್ಬ ವಿದ್ಯಾರ್ಥಿಯೂ ಬಿಡಿಸಲಿಲ್ಲ. ಉತ್ತರ ಹೇಳಿದಾಗ ಅವರು "ಅಯ್ಯೋ, ಇಷ್ಟೇನೇ!" ಎನ್ನಲಿಲ್ಲ, "ಹೌದಾ ಸಾರ್?" ಎಂದರು. ಈ ಎರಡು ಉದ್ಗಾರಗಳ ನಡುವಣ ಅಂತರ ಒಗಟು ಕಟ್ಟಿದವರಿಗೆಲ್ಲ ಗೊತ್ತು. ದಂಡಿ ಲೆಕ್ಕವಷ್ಟನ್ನೇ ಹೇಳಿ ಬಿಟ್ಟ ದುಷ್ಟ ಪ್ರಹೇಳಿಕೆಗಳಲ್ಲಿ ನನ್ನದೂ ಒಂದೆಂದು ಅಂದೇ ಸೇರಿಸಿಕೊಂಡೆ.

ನಿವೃತ್ತನಾದ ಮೇಲೆ ಬಿಡುವು ಸಿಕ್ಕಿತು. ತಾತನ ಹೆಸರನ್ನು, ಬೆಟ್ಟವನ್ನು ಕಾಣದವನಿಗೂ ಹೊಳೆಯುವಂತೆ, ಮಾತಿನಲ್ಲೇ ಅಡಗಿಸಲು ಸಾಧ್ಯವೇ ಎಂದು ಕುಳಿತು ನೋಡಿದೆ. ಎರಡು ಪದಗಳ ನಡುವೆ ಹುದುಗಿಸುವ ಉಪಾಯ ನಡೆಯಲಿಲ್ಲ. 'ಲ್ಲ' ಎಂಬ ಒತ್ತಕ್ಷರದಿಂದ ಕನ್ನಡದಲ್ಲಿ ಯಾವ ಪದವೂ ಮೊದಲಾಗುವುದಿಲ್ಲ. ಕೊನೆಗೆ ಲೋಪಸಂಧಿ ಕೈಹಿಡಿಯಿತು. "ಜಟ್ಟಿಯ ಬೆನ್ನಿಗೆ ತಂದೆ ನಿಂತ, ನೂಕಾಟದಲ್ಲಿ ಒಂದು ಅಕಾರ ಬಿದ್ದುಹೋಯಿತು." ಜಟ್ಟಿಯೆಂದರೆ ಮಲ್ಲ, ತಂದೆಯೆಂದರೆ ಅಪ್ಪ, ಕೂಡಿದರೆ ಮಲ್ಲಪ್ಪ.

ಹಬ್ಬಕ್ಕೆ ಊರಿಗೆ ಹೋದಾಗ ಇದನ್ನು ನನ್ನ ಸೋದರತ್ತೆಗೆ ಹೇಳಿದೆ. ಅವರು ಅಜ್ಜಿಯ ಕಿರಿಯ ಮಗಳು, ಈಗ ಎಂಬತ್ತು ದಾಟಿದ್ದಾರೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸಿ ಎರಡು ಸಲ ಹೇಳಿಸಿಕೊಂಡು ಕೇಳಿದರು. "ಚೆನ್ನಾಗೈತೆ ಕಣಪ್ಪ" ಎಂದರು. ಮತ್ತೆ ಕಾಯಿ ಸುಲಿಯುತ್ತ, "ಆದ್ರೆ ಅವತ್ತು ನಮ್ಮವ್ವ ಹಿಂಗಂದಿದ್ರೆ, ಆವಯ್ಯ ಜಟ್ಟಪ್ಪ ಅಂತ ಬರ್ಕೊಂಡಿರೋನು" ಎಂದರು.